ಅಳಿವೆ ಬಾಗಿಲಲ್ಲಿ ಈಜುವವರು

ಸಿಡ್ನಿಯಿಂದ ಬ್ರಿಸ್ಬೇನ್ ಕಡೆಗೆ ಕಾರು ಹತ್ತುವ ನಮ್ಮವರಲ್ಲಿ ನ್ಯೂಕಾಸಲ್ ನೋಡಿದವರು ಕಡಿಮೆ. ಹೆದ್ದಾರಿ ಊರನ್ನು ಬಲಕ್ಕೆ ಬಿಟ್ಟು ಪಶ್ಚಿಮದಿಂದಲೇ ಸುತ್ತು ಹಾಕಿ ಹೋಗುತ್ತದೆ. ಸಿಡ್ನಿಯಿಂದ ಸುಮಾರು 160 ಕಿಲೋಮೀಟರ್, ಎರಡು ಗಂಟೆಯ ದಾರಿ. ಅಷ್ಟರಲ್ಲಿ ಓಡಿಸುವವನಿಗೆ ದಣಿವಾಗಿರುವುದಿಲ್ಲ, ಕಟ್ಟಿಕೊಂಡು ಬಂದ ಚಿತ್ರಾನ್ನದ ಡಬ್ಬಿ ಬಿಚ್ಚುವ ಹೊತ್ತೂ ಆಗಿರುವುದಿಲ್ಲ. ಅಲ್ಲಿ ನಿಲ್ಲುತ್ತೇವೆ ಎಂದಾಗ ಪರಿಚಯದವರೊಬ್ಬರು ಕೇಳಿಯೇ ಬಿಟ್ಟರು: "ಅಲ್ಲೇನಿದೆ, ಬರೀ ಕಲ್ಲಿದ್ದಲು."

ಕಲ್ಲಿದ್ದಲು ಇರುವುದು ನಿಜ. ಹಂಟರ್ ಕಣಿವೆಯ ಗಣಿಗಳಿಂದ ರೈಲಿನಲ್ಲಿ ಬಂದದ್ದು ಇಲ್ಲಿ ಹಡಗೇರಿ ಜಪಾನ್, ತೈವಾನ್, ಕೊರಿಯಾ, ಚೀನಾ ಕಡೆ ಹೋಗುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ 15 ಕೋಟಿ ಟನ್. ಜಗತ್ತಿನಲ್ಲೇ ಅತಿ ದೊಡ್ಡ ಕಲ್ಲಿದ್ದಲು ಬಂದರುಗಳ ಸಾಲಿನಲ್ಲಿ ಇದರ ಹೆಸರಿದೆ. ನಾವು ನಿಂತದ್ದೂ ಅದೇ ಕಾರಣಕ್ಕೆ.

ಊರಿಂದ ಅಪ್ಪ ಅಮ್ಮ ಬಂದಿದ್ದರು. ಹೊಸ ಜಾಗಕ್ಕೆ ಹೋದರೆ ದೇವಸ್ಥಾನ ಹುಡುಕುವವರಿದ್ದಾರೆ, ಇಂಡಿಯನ್ ಸ್ಟೋರ್ ಹುಡುಕುವವರಿದ್ದಾರೆ. ನಮ್ಮ ಅಪ್ಪ ಬಂದರು ಹುಡುಕುತ್ತಾರೆ. ಪಣಂಬೂರಿನಲ್ಲಿ ಹಡಗು ಏಜೆಂಟರ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು ಅವರು. ಸಿಡ್ನಿಯ ಆಪೆರಾ ಹೌಸಿನ ಮುಂದೆ ನಿಲ್ಲಿಸಿ ಫೋಟೋ ತೆಗೆಯುವಾಗಲೂ ಅವರ ಕಣ್ಣು ಹಿಂದೆ ಹೋಗುತ್ತಿದ್ದ ಹಡಗಿನ ಮೇಲೆಯೇ. ಅಮ್ಮನ ಲೆಕ್ಕ ಬೇರೆ. ನವಮಂಗಳೂರು ಬಂದರಿಗೆ ಜಾಗ ಬೇಕಾದಾಗ ಪಣಂಬೂರಿನಿಂದ ಎಬ್ಬಿಸಿ ಕಾಟಿಪಳ್ಳ, ಕೃಷ್ಣಾಪುರಕ್ಕೆ ಕಳುಹಿಸಿದ ಕುಟುಂಬಗಳಲ್ಲಿ ಅವಳ ತವರಿನದೂ ಒಂದು. "ಬಂದರು ಅಂದ್ರೆ ನಿನ್ನ ಅಪ್ಪನಿಗೆ ಸಂಬಳ, ನನಗೆ ಹೋದ ಮನೆ" ಎಂದು ಅವಳು ಹೇಳುವುದುಂಟು. ಕೋಪದಲ್ಲಿ ಹೇಳುವುದಲ್ಲ, ತರಕಾರಿ ಹೆಚ್ಚುತ್ತಾ ಹೇಳುವುದು. ಇವರಿಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಬಂದರು ಊರಿಗೆ ಹೋಗುವುದೆಂದರೆ ಏನೆಂದು ನನ್ನ ಗಂಡನಿಗೆ ಮೊದಲೇ ಗೊತ್ತಿತ್ತು, ಪಾಪ.

ನ್ಯೂಕಾಸಲ್‌ನ ಮುಖ್ಯ ವಿಷಯ ಹಂಟರ್ ನದಿಯ ಅಳಿವೆ. ಊರಿನ ಪೂರ್ವ ತುದಿಯಲ್ಲಿ ನಾಬೀಸ್ ಎಂಬ ಗುಡ್ಡ, ಅದರ ಮೇಲೆ 1858ರ ದೀಪಸ್ತಂಭ. ಗುಡ್ಡದಿಂದಾಚೆ ಕಡಲೊಳಗೆ ಚಾಚಿದ ಕಲ್ಲಿನ ದಂಡೆಯ ಮೇಲೆ ಜನ ನಾಯಿ ಹಿಡಿದುಕೊಂಡು, ಮಗುವಿನ ಗಾಡಿ ತಳ್ಳಿಕೊಂಡು ಓಡಾಡುತ್ತಾರೆ. ಒಂದು ಬದಿ ಈಜುವವರ ಮರಳ ತೀರ, ಇನ್ನೊಂದು ಬದಿ ಹಡಗಿನ ಕಾಲುವೆ. ನಾವು ಮುಟ್ಟಿದ ಹೊತ್ತಿಗೆ ಒಂದು ಹಡಗು ಒಳಗೆ ಬರುತ್ತಿತ್ತು. ಇನ್ನೂರು ಮೀಟರಿಗಿಂತ ಉದ್ದದ್ದು, ಏಳೆಂಟು ಮಹಡಿ ಎತ್ತರ, ಮುಂದೆ ಹಿಂದೆ ಅದನ್ನು ಎಳೆದು ತಳ್ಳುವ ಟಗ್ ದೋಣಿಗಳು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಸದ್ದಿಲ್ಲದೆ ಸರಿಯಿತು. ಊರೊಳಗಿನ ರಸ್ತೆಗಳಿಂದ ನೋಡಿದರೆ ಕಟ್ಟಡಗಳ ಸಂದಿಯಲ್ಲಿ ಇನ್ನೊಂದು ಕಟ್ಟಡ ನಡೆದುಹೋದಂತೆ ಕಾಣುತ್ತದೆ.

"ಖಾಲಿ ಉಂಟು ನೋಡಿ" ಎಂದರು ಅಪ್ಪ ಅಳಿಯನಿಗೆ. "ಕೆಂಪು ಹೊಟ್ಟೆ ಕಾಣ್ತದಲ್ಲ? ತುಂಬಿಸಿಕೊಂಡು ಹೋಗುವಾಗ ಅದು ಕಾಣುವುದಿಲ್ಲ."

ಆಮೇಲೆ ಬಂದಿಳಿದ ಹೆಲಿಕಾಪ್ಟರ್ ನೋಡಿ ಅವರು ಮಗುವೇ ಆದರು. ಇಲ್ಲಿ ಹಡಗಿಗೆ ಬಂದರಿನ ದಾರಿ ತೋರಿಸುವ ಪೈಲಟ್‌ಗಳು ಹೊರಸಮುದ್ರದ ಹಡಗಿಗೆ ಹೆಲಿಕಾಪ್ಟರಿನಲ್ಲಿ ಹೋಗಿ ಇಳಿಯುತ್ತಾರೆ. ಪಣಂಬೂರಿನಲ್ಲಿ ಮಳೆಗಾಲದ ಕಡಲಲ್ಲಿ, ಕುಣಿಯುವ ಲಾಂಚಿನಿಂದ ಹಗ್ಗದ ಏಣಿ ಹಿಡಿದು ಹತ್ತುತ್ತಿದ್ದ ಪೈಲಟ್‌ಗಳ ಕತೆ ಹೇಳಲು ಅವರಿಗೆ ಅಷ್ಟು ಸಾಕಾಯಿತು. ಕಾಲುಗಂಟೆ ನಾವು ಯಾರೂ ಬಾಯಿ ಹಾಕಲಿಲ್ಲ.

ಈ ನಾಬೀಸ್ ಮೊದಲು ದಡಕ್ಕೆ ಅಂಟಿಕೊಂಡಿರಲಿಲ್ಲ, ದ್ವೀಪವಾಗಿತ್ತು. 1818ರಲ್ಲಿ ಶುರುವಾಗಿ 1846ರವರೆಗೆ, ಕೈದಿಗಳಿಂದ ಕಲ್ಲು ಹೊರಿಸಿ ಅದನ್ನು ದಡಕ್ಕೆ ಸೇರಿಸಿದರು. ಗುಡ್ಡದ ನೆತ್ತಿಯನ್ನೂ ಕತ್ತರಿಸಿದರು. ಸುಮಾರು 62 ಮೀಟರ್ ಇದ್ದದ್ದು ಈಗ 28 ಮೀಟರ್. ಈ ನದಿಯ ಬಾಯಿಗೆ 1797ರಲ್ಲಿ ಬಂದ ಲೆಫ್ಟಿನೆಂಟ್ ಜಾನ್ ಶಾರ್ಟ್‌ಲ್ಯಾಂಡ್ ಹುಡುಕಿಕೊಂಡು ಬಂದದ್ದು ದೋಣಿ ಕದ್ದು ಓಡಿಹೋದ ಕೈದಿಗಳನ್ನು. ಕೈದಿಗಳು ಸಿಗಲಿಲ್ಲ, ಕಲ್ಲಿದ್ದಲು ಕಂಡಿತು. ಬ್ರಿಟಿಷರು ನದಿಗೆ 'ಕೋಲ್ ರಿವರ್' ಎಂದೇ ಹೆಸರಿಟ್ಟುಬಿಟ್ಟರು. ಮುಂದೆ ಸಿಡ್ನಿಯಲ್ಲಿ ಮತ್ತೆ ತಪ್ಪು ಮಾಡಿದ ಕೈದಿಗಳಿಗೆ ಇದು ಶಿಕ್ಷೆಯ ಮೇಲಿನ ಶಿಕ್ಷೆಯ ಜಾಗವಾಯಿತು. ಮೊದಲ ಗಣಿಗಳನ್ನು ತೋಡಿದ್ದು ಅವರೇ.

ಇಲ್ಲಿಂದ 1799ರಲ್ಲಿ ಹೊರದೇಶಕ್ಕೆ ಹೋದ ಮೊದಲ ಕಲ್ಲಿದ್ದಲು ಹೋದದ್ದು ಬಂಗಾಳಕ್ಕೆ! ಇದನ್ನು ಓದಿ ಹೇಳಿದಾಗ ಅಪ್ಪ ಕನ್ನಡಕ ಸರಿಮಾಡಿಕೊಂಡು ಫಲಕವನ್ನೇ ಇನ್ನೊಮ್ಮೆ ಓದಿದರು. 1799 ಎಂದರೆ ಶ್ರೀರಂಗಪಟ್ಟಣ ಬಿದ್ದ ವರ್ಷ. ಅಲ್ಲಿ ಟಿಪ್ಪು ಸತ್ತ ವರ್ಷವೇ ಇಲ್ಲಿಯ ಕಲ್ಲಿದ್ದಲು ಕಂಪನಿ ಸರಕಾರದ ಕಲ್ಕತ್ತೆಯ ಕಡೆ ತೇಲುತ್ತಿತ್ತು. ಶಾಲೆಯ ಪಾಠದಲ್ಲಿ ಇವೆರಡೂ ಬೇರೆ ಬೇರೆ ಪುಸ್ತಕಗಳಲ್ಲಿ ಇರುತ್ತವೆ.

ಅಮ್ಮ ಕೇಳಿದ ಪ್ರಶ್ನೆ ಒಂದೇ. "ಇವರು ಬರುವ ಮೊದಲು ಇಲ್ಲಿ ಇದ್ದವರು ಎಲ್ಲಿಗೆ ಹೋದರು?"

ಇದ್ದವರು ಅವಾಬಕಲ್ ಜನ, ನದಿಯ ಆಚೆ ದಡದಲ್ಲಿ ವರಿಮಿ ಜನ. ಊರಿಗೆ ಅವರ ಹೆಸರು ಮುಲುಬಿನ್ಬಾ. ಕಲ್ಲಿದ್ದಲು ಅವರಿಗೂ ಗೊತ್ತಿತ್ತು, ಉರಿಸುತ್ತಿದ್ದರು. ಅದಕ್ಕಾಗಿ ಗುಡ್ಡದ ತಲೆ ಕತ್ತರಿಸಿರಲಿಲ್ಲ, ಅಷ್ಟೆ. ನಾಬೀಸ್ ಬಗ್ಗೆ ಅವರ ಕತೆಯೊಂದಿದೆ. ಕಟ್ಟಳೆ ಮುರಿದ ದೊಡ್ಡ ಕಾಂಗರೂ ಒಂದು ಓಡಿಬಂದು ಆ ಗುಡ್ಡದೊಳಗೆ ಅಡಗಿದೆ. ಆಗಾಗ ಬಾಲ ಬಡಿಯುತ್ತದೆ, ಆಗ ನೆಲ ನಡುಗಿ ಬಂಡೆ ಉರುಳುತ್ತದೆ. ಗುಡ್ಡದ ಹಳೆಯ ಹೆಸರು ವ್ಹಿಬಾಯ್‌ಗಾನ್‌ಬಾ 2016ರಿಂದ ಸರಕಾರಿ ಫಲಕದ ಮೇಲೂ ಬಂದಿದೆ. ಇನ್ನು 1989ರ ಡಿಸೆಂಬರ್ 28ರ ಬೆಳಿಗ್ಗೆ ನೆಲ ನಿಜವಾಗಿಯೇ ನಡುಗಿತು. 5.6 ತೀವ್ರತೆ, 13 ಜನ ಸತ್ತರು. ದೊಡ್ಡ ಭೂಕಂಪವೇ ಆಗುವುದಿಲ್ಲ ಎಂದು ನಂಬಿಕೊಂಡ ದೇಶದಲ್ಲಿ ಅದೊಂದು ಆಘಾತ. ಅಮ್ಮನಿಗೆ ಕಾಂಗರೂವಿನ ಕತೆ ಹಿಡಿಸಿತು. "ದೈವಕ್ಕೆ ಜಾಗ ಬಿಡದೆ ಕಟ್ಟಿದರೆ ಹಾಗೇ" ಎಂದಳು. ನಮ್ಮ ಕಡೆ ಕಾರ್ಖಾನೆಯ ಬೇಲಿಯೊಳಗೆ ಸಿಕ್ಕಿಕೊಂಡ ದೈವಸ್ಥಾನ ನೋಡಿದವರಿಗೆ ಈ ಮಾತು ವಿವರಿಸಬೇಕಿಲ್ಲ.

ಕಡಲ ಕಡೆ ಮುಖ ಮಾಡಿದ ನಾಬೀಸ್ ಬಂಡೆಯಲ್ಲಿ ಕಲ್ಲಿದ್ದಲಿನ ಪದರ ಬರಿಗಣ್ಣಿಗೇ ಕಾಣುತ್ತದೆ, ಕಪ್ಪು ಅಂಚಿನ ಹಾಗೆ. ಅದರ ಮೇಲೆ ಬಿಳಿಚಿಕೊಂಡ ಜ್ವಾಲಾಮುಖಿಯ ಬೂದಿ ಕಲ್ಲು. ಜೀವನವಿಡೀ ಕಾಗದದ ಮೇಲೆ ಕಲ್ಲಿದ್ದಲಿನ ಟನ್ನು ಬರೆದ ಅಪ್ಪ ಅದು ನೆಲದೊಳಗೆ ಇರುವ ರೀತಿಯನ್ನು ನೋಡಿದ್ದು ಅದೇ ಮೊದಲು.

ನಾಬೀಸ್ ತೀರದಲ್ಲಿ ನಿಂತರೆ ಪಾಶಾ ಬಲ್ಕರ್ ಕತೆ ಹೇಳದೆ ಯಾರೂ ಬಿಡುವುದಿಲ್ಲ. 2007ರ ಜೂನ್ 8ರ ಬಿರುಗಾಳಿಯಲ್ಲಿ, ಕಲ್ಲಿದ್ದಲು ತುಂಬಿಸಿಕೊಳ್ಳಲು ಹೊರಗೆ ಕಾಯುತ್ತಿದ್ದ ಆ ಖಾಲಿ ಹಡಗು ತೇಲಿಬಂದು ಈಜುವ ತೀರದ ಮುಂದೆಯೇ ಬಂಡೆಗೆ ಕೂತುಬಿಟ್ಟಿತು. ಸಿಬ್ಬಂದಿಯನ್ನು ಹೆಲಿಕಾಪ್ಟರಿನಿಂದ ಎತ್ತಿದರು. ಜುಲೈ 2ರಂದು ಎಳೆದು ತೆಗೆಯುವವರೆಗೆ ಇಡೀ ಊರು ಅದರ ಮುಂದೆ ಫೋಟೋ ತೆಗೆಸಿಕೊಂಡಿತು. "ಖಾಲಿ ಹಡಗಿಗೆ ಭಾರಕ್ಕೆಂದು ತುಂಬಿಸುವ ಬ್ಯಾಲಾಸ್ಟ್ ನೀರು ಸಾಕಷ್ಟು ತುಂಬಿಸದೆ ನಿಂತಿರಬೇಕು" ಎಂದರು ಅಪ್ಪ. ತನಿಖೆಯಲ್ಲೂ ಅದೇ ಬಂದಿತ್ತು. ಅದಕ್ಕೂ 65 ವರ್ಷ ಹಿಂದೆ ಅದೇ ಜೂನ್ 8ರಂದು, 1942ರಲ್ಲಿ, ಜಪಾನಿನ ಸಬ್‌ಮರೀನ್ ಒಂದು ಊರಿನ ಮೇಲೆ ಗುಂಡು ಹಾರಿಸಿ ಹೋಗಿತ್ತು. ಮೇಲಿನ ಫೋರ್ಟ್ ಸ್ಕ್ರ್ಯಾಚ್ಲಿ ಕೋಟೆ ತಿರುಗಿ ಹೊಡೆಯಿತು. ಶತ್ರುವಿನ ಯುದ್ಧನೌಕೆಯ ಮೇಲೆ ಗುಂಡು ಹಾರಿಸಿದ ಆಸ್ಟ್ರೇಲಿಯಾದ ಕರಾವಳಿ ಕೋಟೆ ಅದೊಂದೇ. ಈಗಲೂ ಅಲ್ಲಿ ಮಧ್ಯಾಹ್ನ ಒಂದು ಗಂಟೆಗೆ ತೋಪು ಹಾರಿಸುತ್ತಾರೆ. ನಮಗೆ ಯಾರೂ ಹೇಳಿರಲಿಲ್ಲ. ಅಮ್ಮನ ಕೈಯಲ್ಲಿದ್ದ ಚಿಪ್ಸ್ ಅರ್ಧ ನೆಲಕ್ಕೆ, ಉಳಿದರ್ಧ ಕಡಲಹಕ್ಕಿಗಳ ಬಾಯಿಗೆ. ಮೀನಿನ ಬಗ್ಗೆ ಅವಳ ತೀರ್ಪು ಆಗಲೇ ಬಂದಿತ್ತು: ತಾಜಾ ಉಂಟು, ಆದರೆ ಹಿಟ್ಟಿನ ಅಂಗಿ ತೊಡಿಸಿ ಕೊಂದಿದ್ದಾರೆ.

ಮರುದಿನ ಬೆಳಿಗ್ಗೆ ಓಷನ್ ಬಾತ್ಸ್‌ಗೆ ಹೋದೆವು. ನನಗೆ ಕೇಳಿದರೆ ನ್ಯೂಕಾಸಲ್‌ಗೆ ಇದೊಂದಕ್ಕಾಗಿ ಹೋಗಬಹುದು.

ಕಡಲಂಚಿನ ಬಂಡೆಯ ಮೇಲೆ ಕಾಂಕ್ರೀಟ್ ಗೋಡೆ ಕಟ್ಟಿ ಮಾಡಿದ ದೊಡ್ಡ ಈಜುಕೊಳ. ಭರತ ಏರಿದಾಗ ಅಲೆಗಳು ಗೋಡೆ ಹಾರಿ ಒಳಗೆ ಬೀಳುತ್ತವೆ. 1922ರಲ್ಲಿ ತೆರೆದದ್ದು. ಮುಂದಿನ ಗೋಡೆಗೆ ತೆಳು ಬಣ್ಣಗಳು, ದೊಡ್ಡ ಅಕ್ಷರದ ಹೆಸರು. ಟಿಕೆಟ್ ಇಲ್ಲ, ಗೇಟಿನಲ್ಲಿ ಕೇಳುವವರಿಲ್ಲ. ಪಕ್ಕದಲ್ಲಿ ಮಕ್ಕಳಿಗೆಂದು ಆಳವಿಲ್ಲದ ಇನ್ನೊಂದು ಕೊಳವಿದೆ. ಅದರೊಳಗೆ ಒಂದು ಕಾಲದಲ್ಲಿ ಕಾಂಕ್ರೀಟಿನ ಪ್ರಪಂಚ ಭೂಪಟವಿತ್ತಂತೆ. ಮಕ್ಕಳು ಖಂಡದಿಂದ ಖಂಡಕ್ಕೆ ನೀರಲ್ಲಿ ನಡೆಯಬಹುದಿತ್ತು. ಬ್ರಿಟಿಷ್ ಸಾಮ್ರಾಜ್ಯದ ದೇಶಗಳೂ ಇಂಡಿಯಾವೂ ಎಲ್ಲ ಈಗ ಮರಳು.

ಇನ್ನೂ ಸ್ವಲ್ಪ ದಕ್ಷಿಣಕ್ಕೆ, ಬಂಡೆ ಇಳಿದು ಹೋದರೆ ಬೋಗಿ ಹೋಲ್ ಎಂಬ ಕೊಳ. ಸುಮಾರು 1819ರಲ್ಲಿ ಮೇಜರ್ ಜೇಮ್ಸ್ ಮಾರಿಸೆಟ್ ಎಂಬ ಅಧಿಕಾರಿ ತನ್ನೊಬ್ಬನ ಸ್ನಾನಕ್ಕೆಂದು ಕೈದಿಗಳಿಂದ ಬಂಡೆ ಕೊರೆಸಿದ್ದು. ಕೊರೆದವರಿಗೆ ಆ ನೀರಿನಲ್ಲಿ ಕಾಲಿಡುವ ಹಾಗಿರಲಿಲ್ಲ. 1863ರಿಂದ ಅದು ಊರವರೆಲ್ಲರದ್ದು. ನಾವು ಹೋದಾಗ ಕಾಲೇಜು ಹುಡುಗಿಯರ ಗುಂಪೊಂದು ಅಲೆ ಬಡಿದಾಗಲೆಲ್ಲ ಕಿರುಚುತ್ತಾ ಅದರಲ್ಲಿ ಕೂತಿತ್ತು. ಮಾರಿಸೆಟ್ ಸಾಹೇಬನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಬಾತ್ಸ್‌ನಲ್ಲಿ ಅಮ್ಮ ಮೊದಲು ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟಳು. ಕಡಲ ಬದಿಯಲ್ಲೇ ಹುಟ್ಟಿದವಳು, ಈಜು ಬಾರದು. ಅವಳ ಪ್ರಾಯದ ನಮ್ಮ ಕಡೆಯ ಹೆಂಗಸರಲ್ಲಿ ಬರುವವರು ಬೆರಳೆಣಿಕೆಯಷ್ಟು. ಸೋಮೇಶ್ವರದಲ್ಲಿ ಅಮಾವಾಸ್ಯೆಯ ತೀರ್ಥಸ್ನಾನಕ್ಕೆ ಕೈಕೈ ಹಿಡಿದು ಮೂರು ಮುಳುಗು ಹಾಕಿದ್ದೇ ಅವಳಿಗೂ ಸಮುದ್ರಕ್ಕೂ ಇರುವ ಸಲಿಗೆ. ಇಲ್ಲಿ ಅವಳಿಗಿಂತ ಹಿರಿಯ ಹೆಂಗಸರು ತಲೆಗೆ ರಬ್ಬರ್ ಟೊಪ್ಪಿ ಹಾಕಿ, ಹರಟೆ ಹೊಡೆಯುತ್ತಲೇ ಆ ತುದಿಯಿಂದ ಈ ತುದಿಗೆ ಈಜುತ್ತಿದ್ದರು. ಒಬ್ಬರ ಸೊಂಟಕ್ಕೆ ಆಪರೇಷನ್ ಆಗಿದೆಯಂತೆ, ನೆಲದ ಮೇಲೆ ಕೋಲು ಬೇಕು, ನೀರಲ್ಲಿ ಬೇಡ. ಅವರೇ ಅಮ್ಮನನ್ನು ಕರೆದದ್ದು. ಭಾಷೆ ಇಬ್ಬರಿಗೂ ಅಡ್ಡ ಬಂದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಚೂಡಿದಾರದಲ್ಲೇ ಅಮ್ಮ ಎದೆಮಟ್ಟ ನೀರಲ್ಲಿ, ಕಂಬಿ ಹಿಡಿದುಕೊಂಡು. ಮೂಗು ಹಿಡಿದು ಮೂರು ಮುಳುಗು ಹಾಕಿದಳು. ಅಪ್ಪ ದಡದಲ್ಲಿ ಬೈನಾಕ್ಯುಲರ್ ಹಿಡಿದು ದಿಗಂತದಲ್ಲಿ ಕಾಯುತ್ತಿದ್ದ ಹಡಗುಗಳನ್ನು ಎಣಿಸುತ್ತಿದ್ದವರು ಇದನ್ನು ನೋಡಲಿಲ್ಲ. ಹೇಳಿದಾಗ ನಂಬಲೂ ಇಲ್ಲ.

ಒಂದೇ ನೋಟದಲ್ಲಿ ಎರಡೂ ಸಿಗುತ್ತವೆ ಇಲ್ಲಿ. ಹತ್ತಿರದಲ್ಲಿ ಪುಕ್ಕಟೆ ಈಜುವ ಮುದುಕಿಯರು, ದೂರದಲ್ಲಿ ಲಕ್ಷ ಟನ್ನಿನ ಲೆಕ್ಕ. ದುಡಿಯುವ ಬಂದರಿನ ಬದಿಯಲ್ಲಿ ಇಂಥದ್ದೊಂದು ಜಾಗ ಉಳಿಸಿಕೊಳ್ಳುವುದು ತನ್ನಿಂದ ತಾನೇ ಆಗುವುದಿಲ್ಲ. ಪುರಸಭೆ ದುಡ್ಡು ಹಾಕಬೇಕು, ಜನ ಜಗಳ ಆಡಬೇಕು. ಬಾತ್ಸ್ ದುರಸ್ತಿಯ ಬಗ್ಗೆ, ಅದನ್ನು ಖಾಸಗಿಯವರಿಗೆ ಕೊಡಬಾರದೆಂಬ ಬಗ್ಗೆ ಈ ಊರು ಸಾಕಷ್ಟು ಜಗಳ ಆಡಿದೆ.

ಜಗಳ ಆಡುವುದರಲ್ಲಿ ನ್ಯೂಕಾಸಲ್‌ನವರು ಗಟ್ಟಿಗರು. ಸಿಡ್ನಿಯ ರೈಲು ಮೊದಲು ನೇರ ಕಡಲ ಹತ್ತಿರದ ನಿಲ್ದಾಣಕ್ಕೇ ಬರುತ್ತಿತ್ತು. 2014ರ ಕೊನೆಗೆ ಅದನ್ನು ನಿಲ್ಲಿಸಿ, ಆಮೇಲೆ ಹಳಿ ಕಿತ್ತು, 2019ರಲ್ಲಿ ಬದಲಿಗೆ ಟ್ರ್ಯಾಮ್ ಕೊಟ್ಟರು. ಅದರ ದಾರಿ ಮೂರು ಕಿಲೋಮೀಟರೂ ಇಲ್ಲ. ಚೆಂದವಾಗಿಯೇ ಇದೆ, ಆದರೆ ಕೂತು ಚೀಲ ಸರಿ ಮಾಡಿಕೊಳ್ಳುವಷ್ಟರಲ್ಲಿ ಇಳಿಯಬೇಕು. ಹಳೆ ರೈಲ್ವೆ ಜಾಗದ ಹನಿಸಕಲ್ ದಂಡೆಯ ಮೇಲೆ ಎದ್ದ ಅಪಾರ್ಟ್‌ಮೆಂಟುಗಳು ನನಗೆ ಇಷ್ಟವಾಗಲಿಲ್ಲ. ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದರೂ ಗುರುತು ಹತ್ತದಂಥವು. ನಡುವೆ ಉಳಿದ ಇಟ್ಟಿಗೆಯ ಹಳೆ ರೈಲ್ವೆ ವರ್ಕ್‌ಶಾಪಿನಲ್ಲಿ ಊರಿನ ಮ್ಯೂಸಿಯಂ ಇದೆ, ಅದೂ ಉಚಿತ. ಅಪ್ಪ ಅಲ್ಲಿ ಹೆಚ್ಚು ಹೊತ್ತು ನಿಂತದ್ದು ಉಕ್ಕಿನ ಭಾಗದಲ್ಲಿ.

ಬಿಎಚ್‌ಪಿ ಕಂಪನಿ 1915ರಲ್ಲಿ ಇಲ್ಲಿ ಉಕ್ಕಿನ ಕಾರ್ಖಾನೆ ತೆರೆಯಿತು. ಅಪ್ಪ, ಮಗ, ಮೊಮ್ಮಗ ಎಂದು ತಲೆಮಾರುಗಳು ಅದರಲ್ಲೇ ದುಡಿದವು. 1999ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಭೂಕಂಪದಿಂದ ಹತ್ತೇ ವರ್ಷಕ್ಕೆ ಎರಡನೆಯ ಪೆಟ್ಟು. ಮುಖ್ಯ ಬೀದಿ ಹಂಟರ್ ಸ್ಟ್ರೀಟಿನ ಅಂಗಡಿಗಳು ಸಾಲಾಗಿ ಬಾಗಿಲು ಹಾಕಿಕೊಂಡವು. 2008ರಲ್ಲಿ ಮಾರ್ಕಸ್ ವೆಸ್ಟ್‌ಬರಿ ಎಂಬ ಅದೇ ಊರಿನ ಮನುಷ್ಯ 'ರಿನ್ಯೂ ನ್ಯೂಕಾಸಲ್' ಎಂದು ಶುರುಮಾಡಿದರು. ಉಪಾಯ ಸರಳ. ಖಾಲಿ ಅಂಗಡಿಯ ಮಾಲೀಕರಿಂದ ಜಾಗವನ್ನು ತಿಂಗಳ ಮಟ್ಟಿಗೆ ಎರವಲು ಕೇಳುವುದು, ಕುಂಬಾರಿಕೆ, ಹೊಲಿಗೆ, ಚಿತ್ರ ಮಾಡುವ ಎಳೆಯರಿಗೆ ಕೊಡುವುದು, ಬಾಡಿಗೆಗೆ ಜನ ಸಿಕ್ಕಿದರೆ ಬಿಟ್ಟು ಏಳುವುದು. ಬೀದಿಯಲ್ಲಿ ಮತ್ತೆ ದೀಪ ಉರಿಯಿತು. ಲೋನ್ಲಿ ಪ್ಲಾನೆಟ್ 2011ಕ್ಕೆ ನೋಡಬೇಕಾದ ಹತ್ತು ನಗರಗಳಲ್ಲಿ ನ್ಯೂಕಾಸಲ್ ಹೆಸರು ಹಾಕಿದಾಗ ಸಿಡ್ನಿಯವರೇ ನಕ್ಕರಂತೆ.

ಅಪ್ಪನ ಮನಸ್ಸು ಅಷ್ಟರಲ್ಲಿ ಕುದುರೆಮುಖಕ್ಕೆ ಹೋಗಿತ್ತು. ಅಲ್ಲಿಯ ಅದಿರು ನೀರಿನೊಂದಿಗೆ ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರಿಗೆ ಬರುತ್ತಿತ್ತು. ಅವರ ಕಚೇರಿಯ ಅನ್ನದಲ್ಲಿ ಅದರ ಪಾಲು ದೊಡ್ಡದು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕಾಡಿಗೆ ಒಳ್ಳೆಯದೇ ಆಯಿತು, ಅದನ್ನು ಅಪ್ಪನೂ ಒಪ್ಪುತ್ತಾರೆ. ಆದರೆ ಘಟ್ಟದ ಮೇಲೆ ಮಲ್ಲೇಶ್ವರದಲ್ಲಿ ಗಣಿಯವರಿಗೆಂದು ಕಟ್ಟಿದ ಊರಿಗೆ ಊರೇ, ಶಾಲೆ, ಆಸ್ಪತ್ರೆ, ಸಾಲು ಮನೆಗಳು, ಮಳೆಗೆ ನೆನೆಯುತ್ತಾ ಕೂತವು. "ಅಲ್ಲಿಗೆ ಯಾರೂ ಕುಂಬಾರರನ್ನು ಕಳಿಸಲಿಲ್ಲ" ಎಂದರು. ನನ್ನ ಗಂಡ, ಅದು ಕಾಡಿನ ನಡುವಿನ ಜಾಗ, ಇದು ನಗರ, ಹೋಲಿಸುವ ಹಾಗಿಲ್ಲ ಎಂದ. ಅವನ ಮಾತು ಸರಿ. ಅಪ್ಪನ ಮಾತೂ ಮನಸ್ಸಿನಿಂದ ಹೋಗುತ್ತಿಲ್ಲ.

ಸಂಜೆ ಫೆರಿ ಹತ್ತಿ ಆಚೆ ದಡದ ಸ್ಟಾಕ್ಟನ್‌ಗೆ ಹೋದೆವು. ಐದು ನಿಮಿಷದ ದಾರಿ. ಮಂಗಳೂರಿನ ಬಂದರಿನಿಂದ ಬೆಂಗ್ರೆಗೆ ದೋಣಿಯಲ್ಲಿ ಹೋದವರಿಗೆ ಇದರಲ್ಲಿ ಹೊಸದೇನಿಲ್ಲ. ಅದೇ ನದಿ-ಕಡಲ ನಡುವಿನ ಮರಳ ನಾಲಗೆ, ಸಾಮಾನು ಚೀಲ ಹಿಡಿದು ಮನೆಗೆ ಹೊರಟ ಜನ. ಅಲ್ಲಿಯ ಕಲ್ಲು ದಂಡೆಯೊಳಗೆ ಹಳೆ ಹಡಗುಗಳ ಅವಶೇಷಗಳಿವೆ. ಅಳಿವೆಯ ಮರಳದಿಬ್ಬಕ್ಕೆ ಬಡಿದು ಸತ್ತ ಹಡಗುಗಳ ಮೇಲೆಯೇ ಕಲ್ಲು ಪೇರಿಸಿ ದಂಡೆ ಕಟ್ಟಿದ್ದಾರೆ. 1904ರಲ್ಲಿ ಒಡೆದ ಅಡಾಲ್ಫ್ ಎಂಬ ಫ್ರೆಂಚ್ ಹಾಯಿಹಡಗಿನ ತುಕ್ಕು ಹಿಡಿದ ಪಕ್ಕೆಲುಬು ಈಗಲೂ ಕಲ್ಲುಗಳ ನಡುವೆ ಇಣುಕುತ್ತದೆ. ಅದರಲ್ಲಿದ್ದವರೆಲ್ಲ ಬದುಕಿದರು.

ದಂಡೆ ಕಟ್ಟಿದ್ದರಿಂದ ಹಡಗಿಗೆ ಬಾಗಿಲು ತೆರೆಯಿತು, ಸ್ಟಾಕ್ಟನ್‌ಗೆ ಬರಬೇಕಾದ ಮರಳು ಬರದಾಯಿತು. ಅಲ್ಲಿಯ ತೀರವನ್ನು ಕಡಲು ವರ್ಷ ವರ್ಷ ತಿನ್ನುತ್ತಿದೆ. ಕಡಲ್ಕೊರೆತಕ್ಕೆ ಹಾಕಿದ ಕಲ್ಲು, ಮರಳ ಚೀಲ, ಮುಚ್ಚಿದ ದಾರಿಯ ಬೇಲಿ. ಅಮ್ಮನಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. "ಉಳ್ಳಾಲ" ಎಂದಳು.

ಕಲ್ಲಿದ್ದಲಿನ ಬಗ್ಗೆಯೂ ಊರು ಒಂದೇ ಮನಸ್ಸಿನದ್ದಲ್ಲ. 2023ರ ನವೆಂಬರಿನಲ್ಲಿ 'ರೈಸಿಂಗ್ ಟೈಡ್' ಎಂಬ ಗುಂಪಿನವರು ನೂರಾರು ಕಯಾಕ್‌ಗಳಲ್ಲಿ ಇದೇ ಕಾಲುವೆಗಿಳಿದು ಹಡಗು ತಡೆದರು. ಪೊಲೀಸರು 109 ಜನರನ್ನು ಹಿಡಿದರು. ಅವರಲ್ಲಿ 97 ವರ್ಷದ ಪಾದ್ರಿಯೊಬ್ಬರಿದ್ದರು, ಹದಿಹರೆಯದ ಮಕ್ಕಳೂ ಇದ್ದರು. ಇತ್ತ ಕಣಿವೆಯಲ್ಲಿ ಗಣಿ, ರೈಲು, ವಿದ್ಯುತ್ ಸ್ಥಾವರಗಳ ಮೇಲೆ ನಿಂತ ಮನೆಗಳು ಸಾವಿರಾರು. ಸ್ಟಾಕ್ಟನ್‌ನ ಬೆಂಚಿನ ಮೇಲೆ ಕೂತು ಅಪ್ಪ ಅಮ್ಮ ಇದನ್ನೇ ಚರ್ಚಿಸಿದರು. ಅಪ್ಪನಿಗೆ ಹಡಗು ತಡೆಯುವುದೆಂದರೆ ಅಪರಾಧವೇ. ನಿಂತ ಹಡಗಿಗೆ ದಿನಕ್ಕೆ ಎಷ್ಟು ಬೀಳುತ್ತದೆ ಗೊತ್ತುಂಟಾ ಎಂದು ಶುರುಮಾಡಿದರು. ಅಮ್ಮ ಕೇಳಿದಳು: "ಆ 97ರ ಅಜ್ಜನನ್ನು ದೋಣಿಗೆ ಹತ್ತಿಸಿದ್ದು ಯಾರು? ಮನೆಯವರೇ ಇರಬೇಕು ಅಲ್ಲ?" ಅಪ್ಪನ ಬಳಿ ಇದಕ್ಕೆ ಟನ್ನಿನ ಲೆಕ್ಕ ಇರಲಿಲ್ಲ. ನಮ್ಮ ನಂದಿಕೂರಿನ ಸ್ಥಾವರಕ್ಕೆ ಹೊರದೇಶದ ಕಲ್ಲಿದ್ದಲು ಇಳಿಯುವುದು ಪಣಂಬೂರಿನಲ್ಲೇ, ಆ ಕರೆಂಟಿನಲ್ಲಿ ನಮ್ಮ ಮನೆಯ ಫ್ಯಾನೂ ತಿರುಗಿದೆ ಎಂಬುದನ್ನು ನಾನು ಹೇಳಲು ಹೊರಟೆ. ಇಬ್ಬರೂ ಒಟ್ಟಿಗೆ ನನ್ನನ್ನು ಸುಮ್ಮನಿರಿಸಿದರು.

ಇಲ್ಲಿಂದ ಉತ್ತರಕ್ಕೆ ಪೋರ್ಟ್ ಮಕ್ವಾರಿಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿದ್ದೆವು. ಆದರೆ ಫೆರಿಯಲ್ಲಿ ವಾಪಸಾಗುವಾಗ ಅಪ್ಪ ಫೋನಿನಲ್ಲಿ ಹಡಗು ತೋರಿಸುವ ಆ್ಯಪ್ ತೆರೆದು, ಒಂದು ಹೆಸರಿನ ಮೇಲೆ ಬೆರಳಿಟ್ಟರು. ಆ ಹಡಗು ಒಮ್ಮೆ ಪಣಂಬೂರಿಗೆ ಬಂದಿತ್ತಂತೆ, ಅದರ ಕಾಗದಪತ್ರ ಮಾಡಿದ್ದು ತಾನೇ ಅಂತೆ. ನಾಳೆ ಬೆಳಗಿನ ಜಾವ ತುಂಬಿಕೊಂಡು ಹೊರಡುತ್ತದೆ. ಅಮ್ಮ ಇಂಥದ್ದಕ್ಕೆ ತಕ್ಷಣ ಒಪ್ಪುವವಳಲ್ಲ. ಈ ಸಲ ಒಪ್ಪಿದಳು. ಆರು ಗಂಟೆಗೆ ಬಾತ್ಸ್‌ನಲ್ಲಿ ಸಿಗುತ್ತೇನೆಂದು ಸೊಂಟದ ಆಪರೇಷನ್ನಿನ ಗೆಳತಿಗೆ ಅವಳು ಆಗಲೇ ಮಾತು ಕೊಟ್ಟಿದ್ದಳಂತೆ, ಯಾವ ಭಾಷೆಯಲ್ಲೋ. ಮುಂದಿನ ಊರಿನ ಮೋಟೆಲಿಗೆ ಫೋನ್ ಮಾಡಿದೆ. ಹಣ ವಾಪಸ್ ಇಲ್ಲ ಎಂದರು. ಗಂಡ ಕಾರಿನ ಡಿಕ್ಕಿ ತೆರೆದು ಸೂಟ್‌ಕೇಸ್ ಇಳಿಸತೊಡಗಿದ, ಅಮ್ಮ ಅವನ ಹಿಂದೆಯೇ ಹೋಗಿ ಇಲ್ಲಿ ರಬ್ಬರ್ ಟೊಪ್ಪಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ವಿಚಾರಿಸತೊಡಗಿದಳು.